ನಿಯಮದ ಸ್ಥಾನ: ದತ್ತಸಂಚಯದಲ್ಲೋ, ಅನ್ವಯ ತಂತ್ರಾಂಶದಲ್ಲೋ?

ಪ್ರೌಢಶಾಲೆ ಹಾಗೂ ಹೈಯರ್ ಸೆಕೆಂಡರಿ ತರಗತಿಗಳಲ್ಲಿ ದತ್ತಸಂಚಯದ ಘಟಕವನ್ನು ಬೋಧಿಸುವಾಗ ಕೋಷ್ಟಕ, ಸಾಲು, ಅಂಕಣ, ಪ್ರೈಮರಿ ಕೀ ಮೊದಲಾದ ಪರಿಭಾಷೆಗಳನ್ನು ವಿವರಿಸಿ, ಕೆಲವು ಎಸ್‌ಕ್ಯೂಎಲ್ ಆಜ್ಞೆಗಳನ್ನು ಬರೆಯಿಸಿ ಮುಂದಿನ ಘಟಕಕ್ಕೆ ಸಾಗುವುದು ವಾಡಿಕೆ. ಪರೀಕ್ಷೆಯ ದೃಷ್ಟಿಯಿಂದ ಇಷ್ಟು ಸಾಕಾಗುತ್ತದೆ. ಆದರೆ ವಿದ್ಯಾರ್ಥಿಗಳು ಯೋಜನಾಕಾರ್ಯಕ್ಕಾಗಿ ಚಿಕ್ಕದೊಂದು ತಂತ್ರಾಂಶವನ್ನು ಸ್ವತಃ ರಚಿಸಲು ತೊಡಗಿದ ಕೂಡಲೇ ಅವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಈ ನಿಯಮವನ್ನು ಎಲ್ಲಿ ಬರೆಯಬೇಕು? ದತ್ತಸಂಚಯದೊಳಗೋ, ಅಥವಾ ಅದನ್ನು ಬಳಸುವ ಅನ್ವಯ ತಂತ್ರಾಂಶದಲ್ಲೋ? ತರಬೇತಿ ಶಿಬಿರಗಳಲ್ಲಿ ಅಧ್ಯಾಪಕರೂ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದುಂಟು. ಈ ಪಾಠವು ಆ ಪ್ರಶ್ನೆಯನ್ನೇ ವಿಷಯವಾಗಿ ಇರಿಸಿಕೊಂಡಿದೆ.

ತಂತ್ರಜ್ಞರು ಇಂತಹ ನಿಯಮಗಳನ್ನು ಬಿಸಿನೆಸ್ ಲಾಜಿಕ್ ಎಂದು ಕರೆಯುತ್ತಾರೆ. ಆ ಹೆಸರನ್ನು ಕೇಳಿದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ಅಂಗಡಿ, ಲಾಭ, ನಷ್ಟಗಳು ಬರುತ್ತವೆ. ಇಲ್ಲಿ ವ್ಯಾಪಾರದ ಪ್ರಸ್ತಾಪವಿಲ್ಲ. ಸಂಸ್ಥೆಯೊಂದು ತನ್ನ ದೈನಂದಿನ ವ್ಯವಹಾರವನ್ನು ನಡೆಸಲು ಪಾಲಿಸುವ ಕಟ್ಟಳೆಗಳೆಲ್ಲವೂ ಇದರಲ್ಲಿ ಸೇರುತ್ತವೆ. ಆದ್ದರಿಂದ ಈ ಪಾಠದುದ್ದಕ್ಕೂ ‘ವ್ಯವಹಾರ ನಿಯಮ’ ಎಂಬ ಪದವನ್ನೇ ಬಳಸಲಾಗಿದೆ.

ಉದಾಹರಣೆ: ಶಾಲಾ ಗ್ರಂಥಾಲಯ

ಬ್ಯಾಂಕು, ರೈಲ್ವೆ ಮುಂಗಡ ಕಾದಿರಿಸುವಿಕೆ ಮೊದಲಾದ ಉದಾಹರಣೆಗಳು ಪಠ್ಯಗಳಲ್ಲಿ ಹೇರಳವಾಗಿವೆ. ಅವುಗಳ ಒಳವ್ಯವಹಾರವನ್ನು ಮಕ್ಕಳು ಕಂಡಿಲ್ಲ. ಶಾಲಾ ಗ್ರಂಥಾಲಯದ ದಾಸ್ತಾನು ಪುಸ್ತಕವನ್ನೂ ವಿತರಣಾ ಪುಸ್ತಕವನ್ನೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಡಿರುತ್ತಾನೆ. ಅದರಲ್ಲಿ ಸಹಿಯನ್ನೂ ಹಾಕಿರುತ್ತಾನೆ. ಆದುದರಿಂದ ಅದನ್ನೇ ಆಯ್ದುಕೊಳ್ಳೋಣ.

ನಮಗೆ ಮೂರು ಕೋಷ್ಟಕಗಳು ಬೇಕು. ಮೊದಲನೆಯದು ಪುಸ್ತಕ: ದಾಸ್ತಾನು ಸಂಖ್ಯೆ, ಹೆಸರು, ಲೇಖಕರು, ಭಾಷೆ. ಎರಡನೆಯದು ಸದಸ್ಯ: ದಾಖಲಾತಿ ಸಂಖ್ಯೆ, ಹೆಸರು, ವರ್ಗ. ವಿದ್ಯಾರ್ಥಿಯೋ ಅಧ್ಯಾಪಕರೋ ಎಂಬುದನ್ನು ವರ್ಗವು ತಿಳಿಸುತ್ತದೆ. ಮೂರನೆಯದು ಎರವಲು: ಯಾವ ಪುಸ್ತಕ, ಯಾವ ಸದಸ್ಯ, ಕೊಟ್ಟ ದಿನಾಂಕ, ಹಿಂದಿರುಗಿಸಿದ ದಿನಾಂಕ. ಪುಸ್ತಕವು ಇನ್ನೂ ಹಿಂದೆ ಬಾರದಿದ್ದರೆ ಕೊನೆಯ ಅಂಕಣವು ಖಾಲಿ ಇರುತ್ತದೆ.

ಇನ್ನು ನಿಯಮಗಳು. ಒಂದು ದಾಸ್ತಾನು ಸಂಖ್ಯೆ ಒಂದೇ ಪ್ರತಿಗೆ ಸಲ್ಲಬೇಕು. ದಾಸ್ತಾನಿನಲ್ಲಿಲ್ಲದ ಪುಸ್ತಕವನ್ನು ಎರವಲು ಕೊಡಲಾಗದು. ಒಂದೇ ಪ್ರತಿಯು ಏಕಕಾಲದಲ್ಲಿ ಇಬ್ಬರ ಬಳಿ ಇರಲಾಗದು. ಹಿಂದಿರುಗಿಸಿದ ದಿನವು ಕೊಟ್ಟ ದಿನಕ್ಕಿಂತ ಹಿಂದಿನದಾಗಿರಬಾರದು. ವಿದ್ಯಾರ್ಥಿಗೆ ಎರಡು ಪುಸ್ತಕ, ಅಧ್ಯಾಪಕರಿಗೆ ಐದು. ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬೇಕು. ಪುಸ್ತಕ ಬಾಕಿಯಿರುವ ವಿದ್ಯಾರ್ಥಿಗೆ ‘ಬಾಕಿ ಇಲ್ಲ’ ಎಂಬ ಒಕ್ಕಣೆ ದೊರೆಯದು. ವಿದ್ಯಾರ್ಥಿಗಳು ಇವೆಲ್ಲವನ್ನೂ ಒಂದೇ ತೂಕದ ನಿಯಮಗಳೆಂದು ಭಾವಿಸುತ್ತಾರೆ. ಆ ಭಾವನೆಯನ್ನು ಒಡೆಯುವುದೇ ಈ ಪಾಠದ ಮುಖ್ಯ ಕೆಲಸ.

ಎರಡು ಬಾಗಿಲುಗಳು

ಮೇಲಿನ ನಿಯಮಗಳನ್ನೆಲ್ಲ ಎರವಲು ಕೊಡುವ ತಂತ್ರಾಂಶದಲ್ಲಿಯೇ ಪೈಥಾನ್ ಭಾಷೆಯಲ್ಲಿ ಬರೆದೆವು ಎಂದಿಟ್ಟುಕೊಳ್ಳೋಣ. ಪರದೆಯ ಮೇಲೆ ಸಂಖ್ಯೆ ನಮೂದಿಸಿದಾಗ ತಂತ್ರಾಂಶವು ಎಲ್ಲವನ್ನೂ ಪರಿಶೀಲಿಸಿ ಬಳಿಕವೇ ದಾಖಲಿಸುತ್ತದೆ. ವರ್ಷವೆಲ್ಲ ಸರಿಯಾಗಿಯೇ ನಡೆಯಿತು. ಮಾರ್ಚ್ ತಿಂಗಳಲ್ಲಿ ದಾಸ್ತಾನು ಪರಿಶೀಲನೆ ಬಂದಿತು. ಬೇರೊಬ್ಬ ಅಧ್ಯಾಪಕರು ಹೊಸ ಪುಸ್ತಕಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ತಯಾರಿಸಿ, ಅದನ್ನು ನೇರವಾಗಿ ದತ್ತಸಂಚಯಕ್ಕೆ ಸೇರಿಸಿದರು. ಹಳೆಯ ವಿತರಣಾ ಪುಸ್ತಕದಲ್ಲಿದ್ದ ಬಾಕಿಗಳನ್ನೂ ಹಾಗೆಯೇ ತುಂಬಿಸಿದರು. ಈ ದಾರಿಯಲ್ಲಿ ಪೈಥಾನ್ ತಂತ್ರಾಂಶವು ಎಲ್ಲಿಯೂ ಬರುವುದಿಲ್ಲ. ಅದರಲ್ಲಿ ಬರೆದಿದ್ದ ಒಂದು ನಿಯಮವೂ ಅನ್ವಯವಾಗಲಿಲ್ಲ. ಒಂದೇ ಪ್ರತಿ ಇಬ್ಬರ ಹೆಸರಿನಲ್ಲಿ ಬಾಕಿಯಾಗಿ ದಾಖಲಾಯಿತು. ಅವರಲ್ಲಿ ಒಬ್ಬನು ಪುಸ್ತಕವನ್ನು ಎಂದೋ ಹಿಂದಿರುಗಿಸಿದ್ದಾನೆ. ಆದರೆ ಗಣಕವು ಅವನನ್ನು ಬಾಕಿದಾರನೆಂದು ತೋರಿಸುತ್ತಿದೆ, ಮತ್ತು ಗಣಕ ತೋರಿಸಿದ್ದನ್ನು ಅಲ್ಲಗಳೆಯಲು ಹದಿಮೂರು ವರ್ಷದ ಹುಡುಗನ ಬಳಿ ಯಾವ ದಾಖಲೆಯೂ ಇಲ್ಲ.

ದತ್ತಸಂಚಯಕ್ಕೆ ಒಂದೇ ಬಾಗಿಲು ಇರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಇಂದು ಒಂದು ತಂತ್ರಾಂಶ. ನಾಳೆ ಮೊಬೈಲ್ ಆವೃತ್ತಿ. ನಾಡಿದ್ದು ಯಾರೋ ನೇರವಾಗಿ ತೆರೆದು ತಿದ್ದುವುದು. ಸಂಬಂಧಾತ್ಮಕ ದತ್ತಸಂಚಯದ ತತ್ತ್ವವನ್ನು ಮಂಡಿಸಿದ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಹಲವರು ಹಂಚಿಕೊಂಡು ಬಳಸುವ ದೊಡ್ಡ ದತ್ತನಿಧಿ ಎಂಬ ಅರ್ಥದ ಮಾತಿದೆ. ಹಂಚಿಕೊಂಡದ್ದು ಎಂಬುದೇ ಇಲ್ಲಿ ಮುಖ್ಯ. ಹಲವರು ಬಳಸುವ ಬಾವಿಗೆ ಕಟ್ಟೆಯನ್ನು ಬಾವಿಯ ಸುತ್ತಲೇ ಕಟ್ಟುತ್ತಾರೆ, ಒಬ್ಬೊಬ್ಬರ ಮನೆಯಂಗಳದಲ್ಲಿ ಅಲ್ಲ.

ಹಾಗಾದರೆ ಎಲ್ಲ ನಿಯಮಗಳನ್ನೂ ದತ್ತಸಂಚಯದೊಳಗೇ ಇರಿಸೋಣವೆಂದು ಚುರುಕಾದ ವಿದ್ಯಾರ್ಥಿ ಹೇಳಿಯೇ ಹೇಳುತ್ತಾನೆ. ಅಲ್ಲಿಂದಲೇ ನಿಜವಾದ ಚರ್ಚೆ ಆರಂಭವಾಗುತ್ತದೆ.

ಅಸತ್ಯ ಮತ್ತು ಅನುಚಿತ

ಪ್ರತಿಯೊಂದು ನಿಯಮದ ಮುಂದೆಯೂ ಒಂದೇ ಪ್ರಶ್ನೆಯನ್ನು ಇರಿಸಬೇಕು: ಈ ನಿಯಮ ಮುರಿದರೆ ದಾಖಲೆಯು ಸುಳ್ಳಾಗುತ್ತದೆಯೇ, ಅಥವಾ ನಡೆಯಬಾರದಿದ್ದ ಸಂಗತಿಯೊಂದು ನಡೆದಿದೆ ಎಂದಷ್ಟೇ ತಿಳಿಸುತ್ತದೆಯೇ?

ಒಂದು ಪ್ರತಿಯು ಇಬ್ಬರ ಬಳಿ ಇದೆ ಎಂಬ ದಾಖಲೆ ಎಂದಿಗೂ ಸತ್ಯವಾಗಿರಲಾರದು. ಕೊಡುವ ಮೊದಲೇ ಹಿಂದಿರುಗಿದ ಪುಸ್ತಕವೂ ಹಾಗೆಯೇ. ಆದರೆ ವಿದ್ಯಾರ್ಥಿಯೊಬ್ಬಳ ಬಳಿ ಮೂರು ಪುಸ್ತಕಗಳಿವೆ ಎಂಬುದು ಸಂಪೂರ್ಣ ಸತ್ಯವಾಗಿರಬಹುದು. ರಾಜ್ಯಮಟ್ಟದ ಸ್ಪರ್ಧೆಗೆ ಸಿದ್ಧಳಾಗುತ್ತಿರುವವಳಿಗೆ ಗ್ರಂಥಾಲಯದ ಹೊಣೆ ಹೊತ್ತ ಅಧ್ಯಾಪಕರು ಮೂರನೆಯದನ್ನು ತಾವೇ ಕೊಟ್ಟಿರಬಹುದು. ದತ್ತಸಂಚಯವು ಇದನ್ನು ದಾಖಲಿಸಲು ನಿರಾಕರಿಸಿದರೆ ಏನಾಗುತ್ತದೆ? ಪುಸ್ತಕ ಹೇಗೂ ಮನೆಗೆ ಹೋಗುತ್ತದೆ, ದಾಖಲೆ ಮಾತ್ರ ಉಳಿಯುವುದಿಲ್ಲ. ಅಥವಾ ಬೇರೊಬ್ಬ ಸದಸ್ಯನ ಹೆಸರಿನಲ್ಲಿ ಬರೆಯುತ್ತಾರೆ. ಎಲ್ಲಿ ಬೇಡವೋ ಅಲ್ಲಿ ಬಿಗಿಯಾದ ನಿಯಮವು ಸುಳ್ಳು ದಾಖಲೆಯನ್ನು ತಡೆಯುವುದಿಲ್ಲ. ಸುಳ್ಳು ಬರೆಯುವುದನ್ನು ಕಲಿಸುತ್ತದೆ. ಕಚೇರಿ ದಾಖಲೆಗಳನ್ನು ನಿರ್ವಹಿಸಿದ ಅಧ್ಯಾಪಕರಿಗೆ ಈ ಮಾತಿಗೆ ವಿವರಣೆ ಬೇಕಿಲ್ಲ.

ಆದುದರಿಂದ ಅಸತ್ಯವನ್ನು ತಡೆಯುವ ನಿಯಮವು ದತ್ತಸಂಚಯದಲ್ಲಿರಲಿ. ಅನುಚಿತವನ್ನು ತಡೆಯುವ ನಿಯಮವು ಅನ್ವಯ ತಂತ್ರಾಂಶದಲ್ಲಿರಲಿ. ಅಲ್ಲಿ ಎಚ್ಚರಿಕೆ ಕೊಡಬಹುದು, ಕಾರಣ ಕೇಳಬಹುದು, ಅಧಿಕಾರವುಳ್ಳವರು ವಿನಾಯಿತಿ ನೀಡಲು ಅವಕಾಶ ಕಲ್ಪಿಸಬಹುದು. ಎರಡು, ಐದು, ಹದಿನಾಲ್ಕು ಎಂಬ ಅಂಕೆಗಳನ್ನಾದರೂ ಪೈಥಾನ್ ಸಾಲುಗಳೊಳಗೆ ಹುದುಗಿಸದೆ, ‘ಮಿತಿ’ ಎಂಬ ನಾಲ್ಕನೆಯ ಕೋಷ್ಟಕದಲ್ಲಿ ಇರಿಸುವುದು ಲೇಸು. ಮಧ್ಯಬೇಸಗೆಯ ರಜೆಗೆ ಮೂರು ಪುಸ್ತಕ ಕೊಡೋಣವೆಂದು ಮುಖ್ಯೋಪಾಧ್ಯಾಯರು ತೀರ್ಮಾನಿಸಿದರೆ ಒಂದು ಸಾಲನ್ನು ತಿದ್ದಿದರೆ ಸಾಕು.

ದತ್ತಸಂಚಯದ ಕಾವಲು

ಮೊದಲ ಗುಂಪಿನ ನಿಯಮಗಳಿಗೆ ದತ್ತಸಂಚಯವು ಸಿದ್ಧ ಸಾಧನಗಳನ್ನು ಒದಗಿಸುತ್ತದೆ: ನಾಟ್ ನಲ್, ಯುನೀಕ್, ಪ್ರೈಮರಿ ಕೀ, ಫಾರಿನ್ ಕೀ, ಚೆಕ್. ಇವುಗಳ ವ್ಯಾಖ್ಯೆ ಪಠ್ಯಪುಸ್ತಕಗಳಲ್ಲಿದೆ; ಇಲ್ಲಿ ಪುನರಾವರ್ತಿಸುವುದಿಲ್ಲ. ಪ್ರಯೋಗಾಲಯದಲ್ಲಿ ಎದುರಾಗುವ ತೊಡಕುಗಳನ್ನು ಮಾತ್ರ ಅಧ್ಯಾಪಕರು ಮುಂಚಿತವಾಗಿ ತಿಳಿದಿರಬೇಕು.

ಶಾಲೆಗಳಲ್ಲಿ ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಅನುಕೂಲಕರ. ಸರ್ವರ್ ಬೇಡ, ಇಡೀ ದತ್ತಸಂಚಯ ಒಂದೇ ಕಡತದಲ್ಲಿರುತ್ತದೆ. ಆದರೆ ಅದರಲ್ಲಿ ಫಾರಿನ್ ಕೀ ಬರೆದ ಮಾತ್ರಕ್ಕೆ ಜಾರಿಗೆ ಬರುವುದಿಲ್ಲ. ಪ್ರತಿ ಬಾರಿ ಸಂಪರ್ಕ ತೆರೆದಾಗಲೂ ‘ಪ್ರಾಗ್ಮಾ’ ಆಜ್ಞೆಯಿಂದ ಅದನ್ನು ಚಾಲ್ತಿಗೊಳಿಸಬೇಕು. ಮರೆತರೆ ದಾಸ್ತಾನಿನಲ್ಲಿಲ್ಲದ ಪುಸ್ತಕವೂ ನಿರಾತಂಕವಾಗಿ ಎರವಲು ಹೋಗುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರಿಗೆ ಬೇರೊಂದು ಎಚ್ಚರಿಕೆ: 2019ರಲ್ಲಿ ಬಂದ 8.0.16 ಆವೃತ್ತಿಗಿಂತ ಮೊದಲು ಆ ವ್ಯವಸ್ಥೆಯು ಚೆಕ್ ನಿರ್ಬಂಧವನ್ನು ಓದಿ, ದೋಷವನ್ನೂ ತೋರಿಸದೆ, ಸುಮ್ಮನೆ ಕಡೆಗಣಿಸುತ್ತಿತ್ತು. ಹಳೆಯ ಗಣಕಗಳಲ್ಲಿ ಹಳೆಯ ಆವೃತ್ತಿಯೇ ಉಳಿದಿದ್ದರೆ ಆಶ್ಚರ್ಯವಿಲ್ಲ. ಬರೆದ ನಿರ್ಬಂಧವು ಕೆಲಸ ಮಾಡುತ್ತಿದೆಯೇ ಎಂಬುದನ್ನು ತಪ್ಪು ಸಾಲೊಂದನ್ನು ಸೇರಿಸಿ ನೋಡದೆ ನಂಬಬಾರದು.

ಒಂದು ಪ್ರತಿ ಒಬ್ಬರ ಬಳಿ ಮಾತ್ರ ಎಂಬ ನಿಯಮಕ್ಕೆ ಸಾಮಾನ್ಯ ಯುನೀಕ್ ಸಾಲದು. ಎರವಲು ಕೋಷ್ಟಕದಲ್ಲಿ ದಾಸ್ತಾನು ಸಂಖ್ಯೆಯನ್ನು ಯುನೀಕ್ ಎಂದು ಘೋಷಿಸಿದರೆ ಆ ಪುಸ್ತಕವನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು! ಹಿಂದಿರುಗಿಸಿದ ದಿನಾಂಕ ಖಾಲಿಯಿರುವ ಸಾಲುಗಳಿಗಷ್ಟೇ ಅನ್ವಯವಾಗುವ ಯುನೀಕ್ ಸೂಚಿ ಇಲ್ಲಿ ಬೇಕು. ಇದನ್ನು ಪಾರ್ಶಿಯಲ್ ಇಂಡೆಕ್ಸ್ ಎನ್ನುತ್ತಾರೆ. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಎರಡರಲ್ಲಿಯೂ ಇದು ಲಭ್ಯ.

ದಿನಾಂಕದ ವಿಷಯವೂ ಸೂಕ್ಷ್ಮವಾದುದು. ಎಸ್‌ಕ್ಯೂಲೈಟಿನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಪ್ರಕಾರವಿಲ್ಲ. ಅದನ್ನು ಪಠ್ಯವಾಗಿ ಇರಿಸಿದರೆ ಹೋಲಿಕೆಯು ಎಡದಿಂದ ಅಕ್ಷರಕ್ಕೆ ಅಕ್ಷರವಾಗಿ ನಡೆಯುತ್ತದೆ. ನಮ್ಮ ರೂಢಿಯಂತೆ 12-06-2024ರಂದು ಕೊಟ್ಟು 05-07-2024ರಂದು ಹಿಂದೆ ಪಡೆದೆವೆಂದು ಬರೆದರೆ, ಸೊನ್ನೆಯು ಒಂದಕ್ಕಿಂತ ಮೊದಲು ಬರುವುದರಿಂದ, ಪುಸ್ತಕವು ಕೊಡುವ ಮೊದಲೇ ಹಿಂದಿರುಗಿತೆಂದು ತೀರ್ಮಾನಿಸಿ ಚೆಕ್ ನಿರ್ಬಂಧವು ಸತ್ಯವಾದ ದಾಖಲೆಯನ್ನೇ ತಿರಸ್ಕರಿಸುತ್ತದೆ. 2024-06-12 ಎಂದು ವರ್ಷ ಮೊದಲಾಗಿ ಬರೆದರೆ ಈ ತೊಂದರೆಯಿಲ್ಲ.

ಎರಡು ಮೇಜುಗಳ ಪ್ರಸಂಗ

ಎರಡು ಪುಸ್ತಕಗಳ ಮಿತಿಯನ್ನು ತಂತ್ರಾಂಶಕ್ಕೆ ಬಿಟ್ಟೆವಷ್ಟೆ. ಅಲ್ಲಿಯೂ ಒಂದು ತೊಡಕಿದೆ, ಮತ್ತು ಮೇಲಿನ ವಿಂಗಡಣೆಯು ನೇರವಾಗಿ ಉತ್ತರಿಸದ ತೊಡಕು ಅದು. ಗ್ರಂಥಾಲಯದಲ್ಲಿ ಎರಡು ಮೇಜುಗಳಿವೆ, ಎರಡರಲ್ಲಿಯೂ ಗಣಕಗಳಿವೆ. ಒಬ್ಬಳೇ ವಿದ್ಯಾರ್ಥಿನಿಯ ಹೆಸರಿನಲ್ಲಿ ಈಗಾಗಲೇ ಒಂದು ಪುಸ್ತಕವಿದೆ. ಅವಳ ಕಾರ್ಡನ್ನು ಒಂದು ಮೇಜಿನಲ್ಲಿ ಅವಳೂ, ಇನ್ನೊಂದರಲ್ಲಿ ಅವಳ ಗೆಳತಿಯೂ ಒಂದೇ ಕ್ಷಣದಲ್ಲಿ ತೋರಿಸಿದರು. ಎರಡು ಗಣಕಗಳೂ ‘ಎಷ್ಟು ಬಾಕಿ?’ ಎಂದು ಕೇಳಿದವು. ಎರಡಕ್ಕೂ ‘ಒಂದು’ ಎಂಬ ಉತ್ತರ ಬಂದಿತು. ಎರಡೂ ಇನ್ನೊಂದು ಕೊಡಬಹುದೆಂದು ತೀರ್ಮಾನಿಸಿ ದಾಖಲಿಸಿದವು. ಈಗ ಮೂರಾಯಿತು. ಎರಡು ತಂತ್ರಾಂಶಗಳಲ್ಲಿಯೂ ದೋಷವಿಲ್ಲ. ದೋಷವಿರುವುದು ಕೇಳುವುದಕ್ಕೂ ಬರೆಯುವುದಕ್ಕೂ ನಡುವಿನ ಅಂತರದಲ್ಲಿ.

ಪರಿಶೀಲನೆ ಮತ್ತು ದಾಖಲಾತಿಗಳನ್ನು ಒಂದೇ ಟ್ರಾನ್ಸಾಕ್ಷನ್ ಆಗಿ ಬಂಧಿಸಿ, ಅದರ ಆರಂಭದಲ್ಲಿಯೇ ಬರೆಯುವ ಹಕ್ಕನ್ನು ಕಾದಿರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಆಗ ಎರಡನೆಯ ಗಣಕವು ಮೊದಲನೆಯದು ಮುಗಿಯುವ ತನಕ ಕಾಯುತ್ತದೆ. ಬಳಿಕ ಕೇಳಿದಾಗ ‘ಎರಡು’ ಎಂಬ ಸರಿಯಾದ ಉತ್ತರ ದೊರೆಯುತ್ತದೆ. ನಿಯಮವು ತಂತ್ರಾಂಶದಲ್ಲಿದೆ, ಅದನ್ನು ಸುಭದ್ರಗೊಳಿಸುವ ಬೀಗವು ದತ್ತಸಂಚಯದಲ್ಲಿದೆ. ಸ್ಥಾನದ ಪ್ರಶ್ನೆಗೆ ‘ಇಲ್ಲಿ’ ಅಥವಾ ‘ಅಲ್ಲಿ’ ಎಂಬ ಒಂದೇ ಪದದ ಉತ್ತರ ಬರೆಯುವ ವಿದ್ಯಾರ್ಥಿಗೆ ಈ ಪ್ರಸಂಗವನ್ನು ತಪ್ಪದೆ ತೋರಿಸಬೇಕು.

ಬಾಕಿ ಮತ್ತು ವರ್ಗಾವಣೆ ಪತ್ರ

ನಿಯಮಗಳ ಪಟ್ಟಿಯಲ್ಲಿ ಕೊನೆಯದು ‘ಬಾಕಿ ಇಲ್ಲ’ ಎಂಬ ಒಕ್ಕಣೆ. ವಿದ್ಯಾರ್ಥಿಗಳು ಅತ್ಯುತ್ಸಾಹದಿಂದ ಇದನ್ನು ದತ್ತಸಂಚಯದೊಳಗೆ ಸೇರಿಸಲು ಬಯಸುತ್ತಾರೆ: ಪುಸ್ತಕ ಬಾಕಿಯಿದ್ದರೆ ಟಿ.ಸಿ. ಕೋಷ್ಟಕಕ್ಕೆ ಆ ಮಗುವಿನ ಸಾಲು ಸೇರದಂತೆ ಒಂದು ಟ್ರಿಗರ್ ಬರೆಯುವುದು. ತಾಂತ್ರಿಕವಾಗಿ ಇದು ಸುಲಭ. ಆದರೂ ಇದನ್ನು ಒಪ್ಪಬಾರದು.

ಮಂಜೇಶ್ವರದ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿರುವ ಮಗು ತಂದೆಯ ಕೆಲಸದ ನಿಮಿತ್ತ ಗಡಿಯಾಚೆ ಬಂಟ್ವಾಳ ತಾಲೂಕಿನ ಸರಕಾರಿ ಶಾಲೆಗೆ ಸೇರಬೇಕಾಗಿದೆ ಎಂದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಸೆಕ್ಷನ್ ಪ್ರಕಾರ, ಪ್ರಾಥಮಿಕ ಶಿಕ್ಷಣದ ಹಂತದಲ್ಲಿ, ಅಂದರೆ 8ನೆಯ ತರಗತಿಯವರೆಗೆ, ರಾಜ್ಯದೊಳಗಾಗಲೀ ರಾಜ್ಯದ ಹೊರಗಾಗಲೀ ಬೇರೊಂದು ಶಾಲೆಗೆ ಹೋಗಲಿರುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರವನ್ನು ನೀಡಬೇಕು. ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತೆಯೂ ಇಲ್ಲ. ಗ್ರಂಥಾಲಯದ ಒಂದು ಪುಸ್ತಕವು ಈ ಹಕ್ಕಿಗಿಂತ ದೊಡ್ಡದಲ್ಲ. ನಮ್ಮ ಟ್ರಿಗರಿಗೆ ಇದು ತಿಳಿದಿಲ್ಲ. ತಿಳಿಯುವ ಶಕ್ತಿಯೂ ಅದಕ್ಕಿಲ್ಲ. ಮುಖ್ಯೋಪಾಧ್ಯಾಯರು ಪತ್ರ ನೀಡಲು ಒಪ್ಪಿದರೂ ಗಣಕವು ಒಪ್ಪದಿದ್ದರೆ, ಶಾಲೆಯ ಹೊಣೆಗಾರಿಕೆಯು ಯೋಜನಾಕಾರ್ಯದ ಇಪ್ಪತ್ತು ಸಾಲುಗಳಿಗೆ ಹಸ್ತಾಂತರವಾದಂತಾಗುತ್ತದೆ.

ತಂತ್ರಾಂಶವು ಪರದೆಯ ಮೇಲೆ ‘ಈ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಪುಸ್ತಕ ಬಾಕಿಯಿದೆ’ ಎಂದು ತಿಳಿಸಲಿ. ಮುಂದಿನ ತೀರ್ಮಾನ ಮನುಷ್ಯರದ್ದಾಗಿರಲಿ. ಈ ಬಾಕಿಯೇ ಹಿಂದೆ ಹೇಳಿದ ಸ್ಪ್ರೆಡ್‌ಶೀಟಿನ ಬಾಗಿಲಿನಿಂದ ಬಂದ ಸುಳ್ಳು ಬಾಕಿಯಾಗಿದ್ದರೆ ಎಂಬುದನ್ನೂ ತರಗತಿಯಲ್ಲಿ ಕೇಳಬೇಕು. ದತ್ತಸಂಚಯದಲ್ಲಿ ಇರಬೇಕಿದ್ದ ನಿಯಮ ಅಲ್ಲಿಲ್ಲ, ಇರಬಾರದಿದ್ದ ನಿಯಮ ಅಲ್ಲಿದೆ. ಎರಡೂ ಸೇರಿ ಒಂದು ಮಗುವಿನ ದಾರಿಗೆ ಅಡ್ಡ ನಿಲ್ಲುತ್ತವೆ.

ಸ್ಟೋರ್ಡ್ ಪ್ರೊಸೀಜರುಗಳ ಬಗ್ಗೆ ಎರಡು ಮಾತು

ನಿಯಮಗಳನ್ನೆಲ್ಲ ದತ್ತಸಂಚಯದೊಳಗಿನ ಸ್ಟೋರ್ಡ್ ಪ್ರೊಸೀಜರುಗಳಾಗಿ ಬರೆದು, ಯಾರೇ ಆದರೂ ಅವುಗಳ ಮೂಲಕವೇ ಒಳಬರಬೇಕೆಂದು ವಿಧಿಸುವ ಪದ್ಧತಿಯೂ ಇದೆ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಬಲವಾದ ಸಮರ್ಥನೆಯಿದೆ: ಬಾಗಿಲು ಒಂದೇ ಆಗುತ್ತದೆ, ಲಕ್ಷಾಂತರ ಸಾಲುಗಳನ್ನು ಹೊರಗೆ ಸಾಗಿಸದೆ ಇದ್ದಲ್ಲೇ ಸಂಸ್ಕರಿಸಬಹುದು. ಆದರೆ ಒರಾಕಲ್ಲಿನ ಪಿಎಲ್‌ಎಸ್‌ಕ್ಯೂಎಲ್ ಬಲ್ಲವರು ಬರೆದುದು ಬೇರೊಂದು ವ್ಯವಸ್ಥೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಬರೆದವರು ವರ್ಗವಾಗಿ ಹೋದ ಮೇಲೆ ಅದು ಎಲ್ಲಿದೆಯೆಂದು ಹುಡುಕುವುದೂ ಕಷ್ಟ. ಎಸ್‌ಕ್ಯೂಲೈಟಿನಲ್ಲಂತೂ ಸ್ಟೋರ್ಡ್ ಪ್ರೊಸೀಜರುಗಳೇ ಇಲ್ಲ. ಪರಿಚಯಕ್ಕೆ ಇಷ್ಟು ಸಾಕು. ಟ್ರಿಗರುಗಳನ್ನು ಬಳಸುವುದಿದ್ದರೆ ಯಾರು, ಯಾವಾಗ, ಏನನ್ನು ತಿದ್ದಿದರು ಎಂಬ ತಿದ್ದುಪಡಿಯ ಚರಿತ್ರೆಯನ್ನು ಬರೆದಿಡಲು ಬಳಸಿರಿ. ಆ ಕೆಲಸಕ್ಕೆ ಅವು ತಕ್ಕವು.

ಕನ್ನಡ ದತ್ತಾಂಶದ ವಿಶೇಷ ಸಮಸ್ಯೆಗಳು

ಇತರ ಭಾಷೆಗಳ ಪಠ್ಯಗಳಿಂದ ನೇರವಾಗಿ ಪಾಠ ಮಾಡುವ ಅಧ್ಯಾಪಕರಿಗೆ ಈ ಭಾಗವು ದೊರೆಯುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮ ಹಳೆಯ ದಾಸ್ತಾನು ಪುಸ್ತಕಗಳಲ್ಲಿ ಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿಯೂ ಬರೆದಿರುತ್ತಾರೆ. ೧೨೩ ಮತ್ತು 123 ನಮಗೆ ಒಂದೇ. ಗಣಕಕ್ಕೆ ಬೇರೆ ಬೇರೆ ಅಕ್ಷರಮಾಲೆ. ದಾಸ್ತಾನು ಸಂಖ್ಯೆಯನ್ನು ಪಠ್ಯವೆಂದು ಘೋಷಿಸಿದರೆ ಒಂದೇ ಪ್ರತಿಯು ಎರಡು ಬಾರಿ ಸೇರುತ್ತದೆ, ಯುನೀಕ್ ನಿರ್ಬಂಧವು ಏನನ್ನೂ ಹೇಳುವುದಿಲ್ಲ. ಎಸ್‌ಕ್ಯೂಲೈಟಿನಲ್ಲಿ ಆ ಅಂಕಣವನ್ನು ‘ಇಂಟಿಜರ್ ಪ್ರೈಮರಿ ಕೀ’ ಎಂದು ಘೋಷಿಸಿದರೆ ಕನ್ನಡ ಅಂಕಿಗಳು ನಿರಾಕರಿಸಲ್ಪಡುತ್ತವೆ. ಅವುಗಳನ್ನು ಪರಿವರ್ತಿಸಿ ಕೊಡುವುದು ತಂತ್ರಾಂಶದ ಕೆಲಸ. ಇಲ್ಲಿ ಕಾವಲು ಒಂದು ಕಡೆ, ಸೌಜನ್ಯ ಇನ್ನೊಂದು ಕಡೆ.

ಹೆಸರುಗಳ ಸಮಸ್ಯೆ ಇನ್ನೂ ಗಹನ. ಯುನಿಕೋಡಿನಲ್ಲಿ ‘ಕೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ, ಬಿಡಿ ಭಾಗಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ; ಹುಡುಕಿದಾಗ ಒಂದು ಸಿಕ್ಕಿದರೆ ಇನ್ನೊಂದು ಸಿಗದೇ ಹೋಗಬಹುದು. ಅಕ್ಷರಗಳ ನಡುವೆ ಕಾಣದಂತೆ ಸೇರುವ ಶೂನ್ಯ ಅಗಲದ ಸಂಕೇತಗಳದ್ದೂ ಇದೇ ತೊಂದರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2020ರ 13ನೆಯ ಆವೃತ್ತಿಯಿಂದ ಇಂತಹ ಬಿಡಿ, ಕೂಡು ರೂಪಗಳನ್ನು ಏಕರೂಪಕ್ಕೆ ತರುವ ಸೌಲಭ್ಯವನ್ನು ಒಳಗೇ ಒದಗಿಸಿದೆ. ಎಸ್‌ಕ್ಯೂಲೈಟಿನಲ್ಲಿ ಅದಿಲ್ಲ, ಪೈಥಾನಿನ ‘ಯುನಿಕೋಡ್‌ಡೇಟಾ’ ಘಟಕದಿಂದ ತಂತ್ರಾಂಶದಲ್ಲಿಯೇ ಮಾಡಬೇಕು. ಅಂದರೆ ನಿಯಮದ ಸ್ಥಾನವನ್ನು ತತ್ತ್ವವಷ್ಟೇ ನಿರ್ಧರಿಸುವುದಿಲ್ಲ, ಕೈಯಲ್ಲಿರುವ ಸಾಧನವೂ ನಿರ್ಧರಿಸುತ್ತದೆ. ಹೇಗಿದ್ದರೂ ಕನ್ನಡ ಹೆಸರನ್ನು ಎಂದಿಗೂ ಕೀಯಾಗಿ ಬಳಸಕೂಡದು.

ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿಗಳು ಯುನಿಕೋಡಿಗೆ ಪರಿವರ್ತನೆಯಾಗದೆ ಬಂದರೆ ರೋಮನ್ ಅಕ್ಷರಗಳ ಗೋಜಲಾಗಿ ಸೇರುತ್ತವೆ. ಭಾಷೆಯ ಅಂಕಣದಲ್ಲಿ ಕನ್ನಡ ಎಂದಿದ್ದರೆ ಹೆಸರಿನಲ್ಲಿ ರೋಮನ್ ಅಕ್ಷರ ಇರಬಾರದೆಂಬ ಚೆಕ್ ಬರೆಯಬಹುದೇ? ಬರೆಯಬಹುದು. ಆದರೆ ಶೀರ್ಷಿಕೆಯಲ್ಲಿ ಒಂದು ರೋಮನ್ ಅಕ್ಷರವನ್ನುಳ್ಳ ಕನ್ನಡ ವಿಜ್ಞಾನ ಪುಸ್ತಕವೂ ಇರಲು ಸಾಧ್ಯ. ನನ್ನ ಅಭಿಪ್ರಾಯದಲ್ಲಿ ಇದು ಎಚ್ಚರಿಕೆಯಾಗಿ ತಂತ್ರಾಂಶದಲ್ಲಿರುವುದೇ ಸೂಕ್ತ. ವಿದ್ಯಾರ್ಥಿಗಳು ಬೇರೆ ತೀರ್ಮಾನಕ್ಕೆ ಬಂದು ಕಾರಣ ಕೊಟ್ಟರೆ ಅದನ್ನೂ ಒಪ್ಪಬಹುದು.

ಕೊನೆಯದಾಗಿ ಭಾಷೆಯ ಸಂಗತಿ. ದತ್ತಸಂಚಯವು ಸಾಲೊಂದನ್ನು ತಿರಸ್ಕರಿಸಿದಾಗ ಕೊಡುವ ಸಂದೇಶ ಇಂಗ್ಲಿಷಿನಲ್ಲಿರುತ್ತದೆ; ಐದನೆಯ ತರಗತಿಯ ಮಗುವಿಗೆ ಅದರಿಂದ ಏನೂ ತಿಳಿಯದು. ಆದುದರಿಂದ ಅಸತ್ಯವನ್ನು ತಡೆಯುವ ನಿಯಮವನ್ನೂ ತಂತ್ರಾಂಶವು ಮೊದಲೇ ಒಮ್ಮೆ ಪರಿಶೀಲಿಸಿ, ‘ಈ ಪುಸ್ತಕ ಈಗ ಬೇರೊಬ್ಬರ ಬಳಿ ಇದೆ’ ಎಂದು ಕನ್ನಡದಲ್ಲಿ ಹೇಳಲಿ. ಇದು ಪುನರುಕ್ತಿಯಾದರೂ ಬೇಕಾದ ಪುನರುಕ್ತಿ.

ತರಗತಿಯಲ್ಲಿ

ಮೂರು ಅವಧಿಗಳು ಸಾಕು. ಮೊದಲನೆಯದರಲ್ಲಿ ಗಣಕ ಬೇಡ. ರಟ್ಟಿನ ಚೀಟಿಗಳಲ್ಲಿ ಪುಸ್ತಕಗಳನ್ನೂ ಸದಸ್ಯರನ್ನೂ ಬರೆದು, ಒಬ್ಬ ವಿದ್ಯಾರ್ಥಿಯನ್ನು ದತ್ತಸಂಚಯವಾಗಿಯೂ ಇಬ್ಬರನ್ನು ಎರಡು ಮೇಜುಗಳ ಗ್ರಂಥಪಾಲಕರಾಗಿಯೂ ಕೂರಿಸಿರಿ. ದತ್ತಸಂಚಯವಾದವನು ತನಗೆ ಕೊಟ್ಟ ನಿಯಮದ ಚೀಟಿಯನ್ನು ಮಾತ್ರ ಪಾಲಿಸಬೇಕು. ಸ್ವಂತ ವಿವೇಚನೆ ಕೂಡದು. ಮೂರನೆಯ ಪುಸ್ತಕವು ಹೇಗೆ ಹೊರಹೋಯಿತೆಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಎರಡನೆಯ ಅವಧಿಯಲ್ಲಿ ಎಸ್‌ಕ್ಯೂಲೈಟಿನಲ್ಲಿ ಕೋಷ್ಟಕಗಳನ್ನು ರಚಿಸಿ, ಪ್ರತಿ ಗುಂಪೂ ಇನ್ನೊಂದು ಗುಂಪಿನ ದತ್ತಸಂಚಯಕ್ಕೆ ಐದು ಸುಳ್ಳು ಸಾಲುಗಳನ್ನು ನುಗ್ಗಿಸಲು ಯತ್ನಿಸಲಿ. ಎಷ್ಟು ಒಳಹೋದವು ಎಂಬುದನ್ನು ಹಲಗೆಯ ಮೇಲೆ ಬರೆಯಿರಿ. ಸ್ಪರ್ಧೆಯ ಹುರುಪಿನಲ್ಲಿ ದಿನಾಂಕದ ತೊಡಕು, ಕನ್ನಡ ಅಂಕಿಗಳ ತೊಡಕು ತಾವಾಗಿಯೇ ಹೊರಬರುತ್ತವೆ.

ಮೂರನೆಯ ಅವಧಿಯು ಚರ್ಚೆ ಹಾಗೂ ಮೌಲ್ಯಮಾಪನಕ್ಕೆ ಮೀಸಲು. ಮಧ್ಯಾಹ್ನದ ಊಟದ ಲೆಕ್ಕವನ್ನು ಕೊಡಿರಿ: ಆ ದಿನ ಉಂಡವರ ಸಂಖ್ಯೆಯು ಹಾಜರಿಯ ಸಂಖ್ಯೆಯನ್ನು ಮೀರಬಾರದು ಎಂಬ ನಿಯಮವನ್ನು ಎಲ್ಲಿ ಬರೆಯುವಿರಿ ಎಂದು ಕೇಳಿರಿ. ಮೀರಿದರೆ ದಾಖಲೆ ಸುಳ್ಳೇ ಎಂದು ಹೆಚ್ಚಿನವರು ಹೇಳುತ್ತಾರೆ. ಬೆಳಗ್ಗೆ ಹಾಜರಿ ಕರೆದ ಬಳಿಕ ಬಸ್ಸು ತಪ್ಪಿ ತಡವಾಗಿ ಬಂದು ಊಟಕ್ಕೆ ಕುಳಿತ ಮಗುವಿನ ವಿಷಯವನ್ನು ಆಗ ಎತ್ತಿರಿ. ಉತ್ತರಕ್ಕೆ ಅಂಕ ಕೊಡುವಾಗ ಯಾವ ಸ್ಥಾನವನ್ನು ಆರಿಸಿದರು ಎಂಬುದಕ್ಕಿಂತ, ಆ ಮಗುವಿನ ಊಟವು ಅವರ ವ್ಯವಸ್ಥೆಯಲ್ಲಿ ಹೇಗೆ ದಾಖಲಾಗುತ್ತದೆ ಎಂಬುದನ್ನು ವಿವರಿಸಿದ್ದಾರೆಯೇ ಎಂದು ನೋಡಿರಿ.